ಗೊತ್ತಾದ ದಿನ

ಮಾರ್ಚ್ ೩, ಸೋಮವಾರ

ಇಡೀ ದಿನ ತಲೆಯಾಡಿಸಿ ತಲೆಯಾಡಿಸಿ ಕತ್ತು ನೋಯುತ್ತಿದೆ. ಹೊಸ ಆಫೀಸು, ಹೊಸ ತಂಡ, ನನ್ನನ್ನು ಬಿಟ್ಟು ಐದು ಜನ. ಅವರು ಏನು ಹೇಳಿದರೂ "ಹೌದು ಹೌದು" ಎಂದೆ. ಅರ್ಧ ಅರ್ಥವಾಗಲಿಲ್ಲ. ಉಳಿದರ್ಧ ಅರ್ಥವಾಯಿತೋ ಇಲ್ಲವೋ ಎಂಬುದೂ ಅರ್ಥವಾಗಲಿಲ್ಲ.

ನಾನು ಹನ್ನೊಂದು ವರ್ಷ ಡಯಾಲಿಸಿಸ್ ಕೇಂದ್ರವೊಂದರ ರಿಸೆಪ್ಷನ್ನಿನಲ್ಲಿ ಕೂತವಳು. ಯಾವ ರೋಗಿ ಎಷ್ಟು ಹೊತ್ತಿಗೆ ಯಾವ ಯಂತ್ರಕ್ಕೆ ಎಂದು ದಿನಾ ಚಾರ್ಟ್ ಬರೆದು ಬೇಸತ್ತು, ಲೈಬ್ರರಿಯಿಂದ ಪುಸ್ತಕ ತಂದು ಪ್ರೋಗ್ರಾಂ ಬರೆಯುವುದನ್ನು ನಾನೇ ಕಲಿತು, ಆ ಕೆಲಸವನ್ನು ಕಂಪ್ಯೂಟರಿನ ಕುತ್ತಿಗೆಗೆ ಕಟ್ಟಿದೆ. ಈಗ ಒಂಬತ್ತು ಕೇಂದ್ರಗಳು ಅದನ್ನು ಬಳಸುತ್ತವೆ. ಈ ಕಂಪನಿ ಅದನ್ನು ಕೊಂಡಿತು, ಜೊತೆಗೆ ನನ್ನನ್ನೂ. "ಸಾಮಾನು ಕೊಂಡರೆ ಚೀಲ ಉಚಿತ" ಎಂದು ಮನೆಯಲ್ಲಿ ಇವರು ರೇಗಿಸಿದರು. ಇವರದು ಲಿಫ್ಟ್ ರಿಪೇರಿ ಕೆಲಸ. ಕೆಳಗೆ ಹೋದದ್ದು ಮೇಲೆ ಬಂದರೆ ಇವರ ದಿನ ಮುಗಿಯಿತು.

ನಾನು ಯಾವತ್ತೂ ಒಬ್ಬಳೇ ಬರೆದವಳು. ಏನಾದರೂ ಬದಲಾಯಿಸುವ ಮೊದಲು ಇಡೀ ಫೋಲ್ಡರನ್ನು ಕಾಪಿ ಮಾಡಿ "ಹೊಸದು", "ಹೊಸದು-ಸರಿ", "ಹೊಸದು-ಸರಿ-ಇದೇ" ಎಂದು ಹೆಸರಿಡುತ್ತಿದ್ದೆ. ಇಲ್ಲಿ ಎಲ್ಲರ ಕೋಡೂ ಒಂದೇ ಸರ್ವರಿನಲ್ಲಿ ಇರುತ್ತದೆ. ಅವರವರ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿ ಅಲ್ಲಿಗೆ ಕಳಿಸಬೇಕು, ಬೇರೆಯವರು ಕಳಿಸಿದ್ದನ್ನು ಇಳಿಸಿಕೊಳ್ಳಬೇಕು. ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನು ಗಿಟ್ ಎಂಬ ಸಾಧನ ಸಾಲಾಗಿ ನೆನಪಿಟ್ಟುಕೊಳ್ಳುತ್ತದಂತೆ. ಇದಕ್ಕೆಲ್ಲ ಮೌಸ್ ನಡೆಯುವುದಿಲ್ಲ. ಒಂದು ಕಪ್ಪು ಕಿಟಕಿ ತೆರೆದು ಅದರಲ್ಲಿ ಅಪ್ಪಣೆ ಟೈಪ್ ಮಾಡಬೇಕು.

"ಗಿಟ್ ಬಳಸಿ ಅಭ್ಯಾಸ ಇದೆಯಲ್ಲ ಮೇಡಂ?" ಎಂದು ತಂಡದ ಮುಖ್ಯಸ್ಥ ಕೇಳಿದ. ಎರಡು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುವ ಆಸಾಮಿ. ನನ್ನ ಪಾಲಿಗೆ ಅವನ ಹೆಸರು ಗಡಿಯಾರ.

"ಓ, ಇದೆ" ಎಂದುಬಿಟ್ಟೆ.

ಇಲ್ಲ ಎಂದರೆ ಪ್ರೋಗ್ರಾಮನ್ನು ನನ್ನ ಕೈಯಿಂದ ಕಿತ್ತುಕೊಂಡು, ಮತ್ತೆ ಫೋನ್ ಎತ್ತುವ ಮೂಲೆಯಲ್ಲಿ ಕೂರಿಸುತ್ತಾರೆ. ಅಷ್ಟು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಮಾರ್ಚ್ ೫, ಬುಧವಾರ

ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆಮನೆಯ ಮೇಜಿನಲ್ಲಿ ಪಾಠ. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ, ಕಾಲೇಜಿನಲ್ಲಿ ಹೇಳಿಕೊಡದ ಸಾಧನಗಳ ಬಗ್ಗೆ ಒಂದೊಂದಾಗಿ ಪಾಠ ಹಾಕಿದ್ದಾನೆ. ಕಾಲೇಜಿಗೆ ಹೋದವರಿಗೇ ಹೇಳಿಕೊಡುವುದಿಲ್ಲವಂತೆ. ಕೇಳಿ ಒಂದು ಗುಟುಕು ಸಮಾಧಾನವಾಯಿತು.

ಅತ್ತೆ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಕೆಟ್ಟು ಹೋಯ್ತಾ? ಬರೀ ಕಪ್ಪಾಗಿದೆಯಲ್ಲ."

"ಕೆಟ್ಟಿಲ್ಲ ಅತ್ತೆ, ಇದು ಹೀಗೇ ಇರೋದು."

"ಹಾಗಾದ್ರೆ ನೀನ್ಯಾಕೆ ಹಾಗೆ ಕಾಲು ಕುಣಿಸ್ತಾ ಇದ್ದೀಯ? ಮೇಜೆಲ್ಲ ಅಲುಗಾಡ್ತಿದೆ."

ಕಪ್ಪು ಕಿಟಕಿಯಲ್ಲಿ ಏನೋ ಬರೆಯಲು ಹೋಗಿ ಎಂಥದೋ ಒಂದರ ಒಳಗೆ ಸಿಕ್ಕಿಕೊಂಡಿದ್ದೆ. ಒಳಗೆ ಹೋಗಿದ್ದೆ, ಹೊರಗೆ ಬರುವ ದಾರಿ ತಿಳಿಯದು. ಏನು ಒತ್ತಿದರೂ ಅಕ್ಷರ ಮೂಡುತ್ತದೆ. ಕೊನೆಗೆ ಲ್ಯಾಪ್‌ಟಾಪಿನ ಉಸಿರನ್ನೇ ನಿಲ್ಲಿಸಿ ಸ್ನಾನಕ್ಕೆ ಹೋದೆ.

ಮಾರ್ಚ್ ೭, ಶುಕ್ರವಾರ

ಪಕ್ಕದ ಕುರ್ಚಿಯವಳಿಗೆ ಇಪ್ಪತ್ತೆಂಟು ಇರಬಹುದು. ಬಂದು ಐದು ತಿಂಗಳಾಯಿತು. ಇನ್ನೂ ಪರೀಕ್ಷಾರ್ಥ ನೇಮಕ, ಖಾಯಂ ಮಾಡುತ್ತಾರೋ ಕಳಿಸುತ್ತಾರೋ ತಿಂಗಳ ಕೊನೆಗೆ ಗೊತ್ತಾಗುತ್ತದೆ. ಮೊದಲ ದಿನದಿಂದಲೇ ನನ್ನನ್ನು ಅಕ್ಕಾ ಎನ್ನುತ್ತಾಳೆ. ಒಳ್ಳೆಯ ಹುಡುಗಿ, ಅದೇ ಕಿರಿಕಿರಿ.

ಅವಳಿಗೆ ಇವತ್ತು ಕೊಟ್ಟ ಕೆಲಸ, ನನ್ನ ಚಾರ್ಟಿಗೆ ಟೆಸ್ಟ್ ಬರೆಯುವುದು. ಅಂದರೆ ನನ್ನ ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಇನ್ನೊಂದು ಕೋಡ್. ಇಷ್ಟು ವರ್ಷ ನಡೆದದ್ದಕ್ಕೆ ಈಗ ಪರೀಕ್ಷೆ!

"ಅಕ್ಕಾ, ಮೊದಲನೇ ಸಲ ಬರೋ ಪೇಷಂಟ್‌ಗೆ ಇಪ್ಪತ್ತೆರಡು ನಿಮಿಷ ಜಾಸ್ತಿ ಕೊಟ್ಟಿದ್ದೀರಲ್ಲ, ಯಾಕೆ?"

"ಇರಲಿ ಬಿಡು, ಬೇಕಾಗುತ್ತೆ" ಎಂದೆ.

ಮೊದಲ ಸಲ ಬಂದವರು ಸೂಜಿ ನೋಡಿ ಹೆದರುತ್ತಾರೆ. ಎದ್ದು ಹೋಗುತ್ತಾರೆ, ನೀರು ಕೇಳುತ್ತಾರೆ, ಮನೆಯವರಿಗೆ ಫೋನ್ ಮಾಡುತ್ತಾರೆ. ಎರಡು ವರ್ಷ ಗೋಡೆ ಗಡಿಯಾರ ನೋಡಿ ಬರೆದಿಟ್ಟು ತೆಗೆದ ಲೆಕ್ಕ ಅದು. ಹೇಳಬಹುದಿತ್ತು. ಎಲ್ಲ ಹೇಳಿಬಿಟ್ಟರೆ ಆಮೇಲೆ ನಾನ್ಯಾಕೆ ಬೇಕು?

ಮಾರ್ಚ್ ೧೩, ಗುರುವಾರ

ಗೆದ್ದೆ. ಬೆವರು ಇನ್ನೂ ಆರಿಲ್ಲ, ಆದರೂ ಗೆದ್ದೆ.

ಒಂದು ಕೇಂದ್ರದ ಚಾರ್ಟಿನಲ್ಲಿ ಸಿಕ್ಕ ತಪ್ಪನ್ನು ವಾರವಿಡೀ ಕೂತು ಸರಿಮಾಡಿ ಮಧ್ಯಾಹ್ನ ಸರ್ವರಿಗೆ ಕಳಿಸಲು ಹೋದರೆ, ಕಪ್ಪು ಕಿಟಕಿ ಒಲ್ಲೆ ಎಂದಿತು. ನಿನ್ನಲ್ಲಿಲ್ಲದ ಕೆಲಸ ಅಲ್ಲಿದೆ, ಮೊದಲು ಅದನ್ನು ಇಳಿಸಿಕೋ ಎಂಬಂಥದ್ದೇನೋ ಹೇಳಿತು. ಇಳಿಸಿಕೊಂಡು ಯಾರದೋ ಕೋಡು ನನ್ನದರ ಜೊತೆ ಕಲಸಿಹೋದರೆ? ಗಡಿಯಾರ ಬೇರೆ ನಾಲ್ಕು ಗಂಟೆಯೊಳಗೆ ಬೇಕು ಎಂದಿದ್ದ. ಪಕ್ಕದವಳನ್ನು ಕೇಳೋಣವೆಂದರೆ, ಹಳೆಯ ಲ್ಯಾಪ್‌ಟಾಪ್ ಕೊಟ್ಟು ಹೊಸದು ತರಲು ಆಫೀಸಿನ ಸ್ಟೋರಿಗೆ ಹೋಗಿದ್ದಳು. ಇದ್ದಿದ್ದರೂ ಕೇಳುತ್ತಿರಲಿಲ್ಲ, ಸುಳ್ಳೇಕೆ.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಪ್ಪಣೆಯ ಕೊನೆಗೆ ಫೋರ್ಸ್ ಎಂದು ಸೇರಿಸಿದರೆ ಒಪ್ಪುತ್ತದೆ ಎಂದು ಯಾರೋ ಬರೆದಿದ್ದರು. ಸೇರಿಸಿದೆ. ತಕ್ಷಣ ಒಪ್ಪಿತು. ಗದರಿಸಿದರೆ ಕೇಳುವ ಜಾತಿ ಇದು ಎಂದುಕೊಂಡೆ.

ಮನೆಗೆ ಬರುವಾಗ ಒಂದು ಸ್ಟಾಪು ಮೊದಲೇ ಬಸ್ಸಿನಿಂದ ಇಳಿದು ನಡೆದೆ.

ಮಾರ್ಚ್ ೧೪, ಶುಕ್ರವಾರ

ಪಕ್ಕದವಳ ಐದು ದಿನದ ಕೆಲಸ ಕಾಣಿಸುತ್ತಿಲ್ಲ. ಹೊಸ ಲ್ಯಾಪ್‌ಟಾಪಿಗೆ ಸರ್ವರಿನಿಂದ ಇಳಿಸಿಕೊಂಡರೆ ಅವಳ ಟೆಸ್ಟ್ ಒಂದೂ ಇಲ್ಲ. ಹಳೆಯದು ಅಳಿಸಿಯೂ ಆಯಿತಂತೆ. "ಎಲ್ಲ ಅಳಿಸಲಾಗಿದೆ" ಎಂಬ ಕಾಗದಕ್ಕೆ ನಿನ್ನೆ ಸಹಿ ಹಾಕಿ ಬಂದಿದ್ದಾಳೆ.

"ದಿನಾ ಸಂಜೆ ಕಳಿಸಿದ್ದೆ ಸರ್, ಕಳಿಸಿದ ಹಾಗೇ ನೆನಪು."

"ಕಳಿಸಿದ್ರೆ ಇರಬೇಕಿತ್ತಲ್ಲ" ಎಂದ ಗಡಿಯಾರ. ಬೈಯಲಿಲ್ಲ. ಕೈಗಡಿಯಾರವನ್ನೂ ನೋಡಲಿಲ್ಲ, ಅದು ಇನ್ನೂ ಕೆಟ್ಟದ್ದು.

ಅವಳು ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದಳು. ಪಾಪ ಅನ್ನಿಸಿತು. ಜೊತೆಗೆ ಒಂದು ಚೂರು ಖುಷಿಯೂ ಆಯಿತು, ಇಲ್ಲಿ ಬರೆಯಲು ಏನು ಮುಚ್ಚುಮರೆ. ಎಲ್ಲ ಗೊತ್ತಿರುವವರೂ ಎಡವುತ್ತಾರಲ್ಲ ಎಂದು.

ಮಾರ್ಚ್ ೧೬, ಭಾನುವಾರ

ನಾನೇ.

ಬೆಳಿಗ್ಗೆ ಪಾಠದಲ್ಲಿ "ತಪ್ಪು ತಿದ್ದಿಕೊಳ್ಳುವುದು" ಎಂಬ ಭಾಗ ಬಂತು. ಅದರಲ್ಲಿ ಫೋರ್ಸ್ ಬಗ್ಗೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಇತ್ತು. ನಂಬಲಾಗದೆ ಎರಡು ಆಟದ ಫೋಲ್ಡರ್ ಮಾಡಿದೆ. ಒಂದು ಅವಳದು, ಒಂದು ನನ್ನದು. ಅವಳದರಿಂದ ಕಳಿಸಿದೆ. ನನ್ನದರಲ್ಲಿ ಇಳಿಸಿಕೊಳ್ಳದೆ ಫೋರ್ಸ್ ಹಾಕಿ ಕಳಿಸಿದೆ. ಅವಳದು ಸರ್ವರಿನ ಸಾಲಿನಿಂದ ಮಾಯ. ಮೂರು ಸಲ ಮಾಡಿದೆ, ಮೂರು ಸಲವೂ ಮಾಯ. ನಿನ್ನಲ್ಲಿಲ್ಲದ ಕೆಲಸ ಅಲ್ಲಿದೆ ಎಂದು ಅದು ಗುರುವಾರ ಹೇಳಿದ್ದು ಅವಳ ಕೆಲಸವನ್ನೇ.

ಕುರ್ಚಿಯಿಂದ ಎದ್ದೆ. ಬಾಲ್ಕನಿಗೆ ಹೋದೆ, ಬಂದೆ. ಫ್ರಿಜ್ ತೆರೆದೆ, ಏನಕ್ಕೆಂದು ತಿಳಿಯದೆ ಮುಚ್ಚಿದೆ. ಮತ್ತೆ ತೆರೆದೆ.

"ಏನು ಹುಡುಕ್ತಿದ್ದೀಯ?" ಎಂದು ಇವರು ಕೇಳಿದರು.

"ಏನಿಲ್ಲ."

ಕಳಿಸಿದವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದು ಉಳಿದಿರುತ್ತದೆ ಎಂದು ಪಾಠದಲ್ಲಿತ್ತು. ಅವಳದನ್ನು ಅಳಿಸಿ ಆಗಿದೆ. ಹೇಳಿದರೂ ಕೆಲಸ ವಾಪಸ್ ಬರುವುದಿಲ್ಲ ಎಂದಾದರೆ, ಹೇಳಿ ಏನು ಪ್ರಯೋಜನ?

ಮಾರ್ಚ್ ೧೭, ಸೋಮವಾರ

ಹೇಳಲಿಲ್ಲ. ಅವಳು ಮೊದಲಿನಿಂದ ಬರೆಯುತ್ತಿದ್ದಾಳೆ. ನನಗೆ ಹಣ್ಣು ಕೊಟ್ಟಳು, ತಿಂದೆ.

ಮಾರ್ಚ್ ೧೮, ಮಂಗಳವಾರ

ಮೌಸ್ ಕೆಟ್ಟಿದೆ ಎಂಬ ನೆಪ ಮಾಡಿಕೊಂಡು ನೆಲಮಹಡಿಯ ಸ್ಟೋರಿಗೆ ಹೋದೆ. ಸ್ಟೋರ್ ಕೀಪರ್ ಮುದುಕರು, ಕಂಬಳಿಯಂಥ ಸ್ವೆಟರ್, ಎದುರಿಗೆ ರಾಶಿ ವೈರು. ಗೋಡೆಯ ಕಪಾಟಿನಲ್ಲಿ ಏಳೆಂಟು ಹಳೆಯ ಲ್ಯಾಪ್‌ಟಾಪು, ಒಂದೊಂದರ ಬೆನ್ನಿಗೂ ಚೀಟಿ. ಅವಳ ಹೆಸರಿನ ಚೀಟಿಯೂ ಇತ್ತು.

"ಇವೆಲ್ಲ ಅಳಿಸಿದ್ದಾ?" ಎಂದೆ, ಸುಮ್ಮನೆ ಕೇಳುವವಳ ಹಾಗೆ.

"ಒಂದೊಂದೇ ಯಾರು ಅಳಿಸ್ತಾರೆ ತಾಯಿ! ಎಲ್ಲ ಒಟ್ಟಿಗೆ ಶುಕ್ರವಾರ ಮಾಡ್ತೀನಿ. ಕಾಗದಕ್ಕೆ ಮಾತ್ರ ಮೊದಲೇ ಸಹಿ ಹಾಕಿಸ್ಕೊಂಡ್ಬಿಡ್ತೀನಿ, ಆಮೇಲೆ ಯಾರೂ ಕೈಗೆ ಸಿಗಲ್ಲ."

ಅವಳ ಚೀಟಿಯ ಲ್ಯಾಪ್‌ಟಾಪನ್ನು ಮತ್ತೆ ನೋಡಿದೆ. ಅದರೊಳಗೆ ಅವಳ ಐದು ದಿನ ಹಾಗೇ ಕೂತಿದೆ.

"ಆ ಮೂರನೇದು ಹತ್ತು ನಿಮಿಷ ಕೊಡ್ತೀರಾ? ನಮ್ಮ ಹುಡುಗಿಯದು, ಒಂದು ಫೋಟೋ ಉಳಿದಿದೆಯಂತೆ."

"ಅವಳೇ ಬರಲಿ. ಇಲ್ಲಾಂದ್ರೆ ನಿಮ್ಮ ಸರ್ ಚೀಟಿ ಕೊಡಲಿ."

ಯಾರಿಗೂ ತಿಳಿಯದ ಹಾಗೆ ತೆಗೆದು, ಯಾರಿಗೂ ತಿಳಿಯದ ಹಾಗೆ ಜೋಡಿಸಿಟ್ಟು, ಇಗೋ ಸಿಕ್ಕಿತು ಎನ್ನಬೇಕೆಂದು ಲೆಕ್ಕ ಹಾಕಿದ್ದೆ. ಮುದುಕರು ಅದಕ್ಕೆ ಕಲ್ಲು ಹಾಕಿದರು. ಕೆಡದ ಮೌಸಿಗೆ ಬದಲಿ ಮೌಸು ಹಿಡಿದು ಮೇಲೆ ಬಂದೆ.

ಮಾರ್ಚ್ ೧೯, ಬುಧವಾರ

ಮಧ್ಯಾಹ್ನ ಅವಳು ಗಡಿಯಾರನ ಮೇಜಿನ ಹತ್ತಿರ ನಿಂತು ಮಾತಾಡಿದಳು. ನನ್ನ ಕುರ್ಚಿಗೂ ಅವನ ಮೇಜಿಗೂ ನಾಲ್ಕು ಹೆಜ್ಜೆ. ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ?

"ನನಗೆ ಈ ಕೆಲಸ ಆಗಲ್ಲ ಸರ್. ಏನು ಕಳಿಸಿದ್ದೀನಿ, ಏನು ಬಿಟ್ಟಿದ್ದೀನಿ ಅಂತಾನೇ ನೆನಪಿರಲ್ಲ ಅಂದ್ರೆ ಹೇಗೆ? ಪೇಷಂಟ್‌ಗಳ ವಿಷಯ ಬೇರೆ. ನನಗೆ ಬೇರೆ ಏನಾದರೂ ಸಣ್ಣದು ಕೊಡಿ."

"ಯೋಚನೆ ಮಾಡೋಣ" ಎಂದ ಅವನು. ಬೇಡ ಎನ್ನಲಿಲ್ಲ.

ನಾನು ಸ್ಕ್ರೀನ್ ನೋಡುತ್ತ ಕೂತಿದ್ದೆ. ಒಂದೇ ಸಾಲನ್ನು ಬರೆದು ಅಳಿಸಿ ಬರೆದು ಅಳಿಸಿ ಸಂಜೆ ಮಾಡಿದೆ.

ಊಟದ ಹೊತ್ತಿಗೆ ಇವರು ಹೊಸದಾಗಿ ಸೇರಿದ ಮೆಕ್ಯಾನಿಕ್ ಮೇಲೆ ಕೆಂಡವಾಗಿದ್ದರು. ಲಿಫ್ಟಿನ ಗುಂಡಿಗೆ ಇಳಿಯುವ ಮೊದಲು ಬೇರೆ ಯಾರೂ ಕರೆಂಟ್ ಹಾಕದಂತೆ ಅದರ ಪೆಟ್ಟಿಗೆಗೆ ತನ್ನ ಬೀಗ ಹಾಕಿ, ತನ್ನ ಹೆಸರಿನ ಚೀಟಿ ತೂಗುಹಾಕಬೇಕಂತೆ. ಅವನು ಹಾಕಿರಲಿಲ್ಲ.

"ಏನೂ ಆಗಲಿಲ್ಲವಲ್ಲ, ಮತ್ಯಾಕೆ ಕೂಗಾಡ್ತೀರಿ?" ಎಂದೆ.

"ಹಾಕಿಲ್ಲ ಅಂತ ಅವನೇ ಬಂದು ಹೇಳಿದ್ರೆ ಕೂಗಾಡ್ತಿರಲಿಲ್ಲ. ಹಾಕಿದ್ದೆ ಅಂದ. ಇನ್ಮೇಲೆ ಅವನು ಮೇಲೆ ಇದ್ದಾಗ ನಾನು ಕೆಳಗೆ ಹೇಗೆ ಇಳೀಲಿ?"

ಊಟ ಸೇರಲಿಲ್ಲ. ಅತ್ತೆ ನನ್ನ ತಟ್ಟೆ ನೋಡಿದರು.

ಮಾರ್ಚ್ ೨೦, ಗುರುವಾರ

ಹೇಳಿದೆ. ಬೆಳಿಗ್ಗೆ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ಬ್ಯಾಗನ್ನು ಹೆಗಲಿಂದ ಇಳಿಸುವ ಮೊದಲೇ ಇಬ್ಬರನ್ನೂ ಕರೆದು ಹೇಳಿದೆ. ಇಲ್ಲದಿದ್ದರೆ ಇಳಿಸುತ್ತ, ನೀರು ಕುಡಿಯುತ್ತ, ಶುಕ್ರವಾರವೇ ಆಗಿಬಿಡುತ್ತಿತ್ತು.

"ಕೆಲಸ ಹೋದದ್ದು ಇವಳಿಂದಲ್ಲ. ನಾನು ಫೋರ್ಸ್ ಹಾಕಿದ್ದೆ. ನನಗೆ ಗಿಟ್ ಸರಿಯಾಗಿ ಬರಲ್ಲ. ಬರುತ್ತೆ ಅಂತ ಸುಳ್ಳು ಹೇಳಿದ್ದೆ. ಹಳೇ ಲ್ಯಾಪ್‌ಟಾಪ್ ಇನ್ನೂ ಅಳಿಸಿಲ್ಲ, ಈಗಲೇ ಸ್ಟೋರಿಗೆ ಹೋಗೋಣ."

"ಯಾವಾಗ ಗೊತ್ತಾಯ್ತು ನಿಮಗೆ?" ಎಂದ ಗಡಿಯಾರ.

"ನಿನ್ನೆ."

ಆ ಒಂದು ಮಾತು ಹೇಗೆ ಬಾಯಿಂದ ಜಾರಿತೋ ತಿಳಿಯದು. ಯೋಚಿಸಿ ಹೇಳಿದ್ದಲ್ಲ. ಯೋಚಿಸಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

ಮೂವರೂ ಸ್ಟೋರಿಗೆ ಓಡಿದೆವು. ಮುದುಕರು ಚೀಟಿ ಕೇಳಿದರು, ಅವರ ಎದುರಲ್ಲೇ ಗಡಿಯಾರ ಬರೆದುಕೊಟ್ಟ. ಮಧ್ಯಾಹ್ನದೊಳಗೆ ಎಲ್ಲ ಸರ್ವರಿಗೆ ವಾಪಸ್ ಬಂತು. ಸಾಲಾಗಿ ಮೂವತ್ತೊಂದು ಟೆಸ್ಟ್. ಹದಿನೇಳನೆಯದು, ಮೊದಲ ಸಲ ಬಂದವರಿಗೆ ಇಪ್ಪತ್ತೆರಡು ನಿಮಿಷ ಹೆಚ್ಚು ಕೊಟ್ಟಿದೆಯೇ ಎಂದು ನೋಡುವುದು. ಅದರ ಮೇಲೆ "ಇದನ್ನು ಯಾರೂ ಕಡಿಮೆ ಮಾಡಬಾರದು, ಕೇಂದ್ರದ ಹಿರಿಯ ನರ್ಸನ್ನು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ" ಎಂದು ಬರೆದಿದ್ದಳು. ಇವಳು ನನ್ನ ಕೋಡನ್ನು ಕೀಳಲು ಕೂತಿದ್ದಾಳೆ ಎಂದುಕೊಂಡಿದ್ದೆ ನಾನು. ಅದಕ್ಕೆ ಕಾವಲು ಕಟ್ಟುತ್ತಿದ್ದಳು.

ಬೈಯುತ್ತಾಳೆಂದು ಕಾದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು.

"ನಾನಲ್ಲ ಅಂತ ಗೊತ್ತಾಯ್ತಲ್ಲ ಅಕ್ಕಾ, ಅಷ್ಟು ಸಾಕು. ಬೇರೆಯವರಾಗಿದ್ರೆ ಮುಚ್ಚಿಡ್ತಿದ್ರು. ನೀವು ಗೊತ್ತಾದ ಮರುದಿನವೇ ಬಂದು ಹೇಳಿದ್ರಲ್ಲ."

ಮಾರ್ಚ್ ೨೧, ಶುಕ್ರವಾರ

ಗಡಿಯಾರ ಸರ್ವರಿಗೆ ಬೀಗ ಜಡಿದಿದ್ದಾನೆ. ಇನ್ನು ಯಾರು ಫೋರ್ಸ್ ಹಾಕಿದರೂ ನಡೆಯುವುದಿಲ್ಲ, ಅವನು ಹಾಕಿದರೂ. "ಇದನ್ನ ನಾನು ಮೊದಲೇ ಮಾಡಬೇಕಿತ್ತು" ಎಂದು ಎಲ್ಲರೆದುರು ಹೇಳಿದ. ಪ್ರೋಗ್ರಾಮನ್ನು ನನ್ನ ಕೈಯಿಂದ ತೆಗೆಯುವ ಮಾತು ಬರಲೇ ಇಲ್ಲ. ನೆಮ್ಮದಿಯಾಗಿ ನಿದ್ದೆ ಬರಬೇಕಿತ್ತು.

ಮಾರ್ಚ್ ೨೪, ಸೋಮವಾರ

ಇಲ್ಲಿ ಒಂದು ಪದ್ಧತಿ. ಎಡವಟ್ಟಾದರೆ, ಏನಾಯಿತು, ಯಾವಾಗ ಆಯಿತು ಎಂದು ದಿನ ಗಂಟೆ ಸಮೇತ ಒಂದು ಪುಟ ಬರೆದಿಡಬೇಕು. ಬೈಯುವುದಕ್ಕಲ್ಲ, ಮುಂದೆ ಬರುವವರು ಓದಿ ಎಚ್ಚರವಾಗಿರಲಿ ಎಂದು. ಕೋಡಿನ ಹಾಗೆಯೇ ಅದನ್ನೂ ಇನ್ನೊಬ್ಬರು ಓದಿ ಒಪ್ಪಬೇಕು. ಬರೆಯುವುದು ನಾನು. ಓದಿ ಒಪ್ಪುವವಳು ಅವಳು.

ನೀಟಾಗಿ ಬರೆದು ಕಳಿಸಿದೆ. ಫೋರ್ಸ್ ಹಾಕಿದ್ದು ಹದಿಮೂರನೇ ತಾರೀಖು. ಕೆಲಸ ಕಾಣೆಯಾಗಿದೆ ಎಂದು ತಿಳಿದದ್ದು ಹದಿನಾಲ್ಕು. ವಾಪಸ್ ಬಂದದ್ದು ಇಪ್ಪತ್ತು. ಅವಳು ಓದಿ ಒಂದೇ ಒಂದು ಟಿಪ್ಪಣಿ ಹಾಕಿ ಹಿಂದಕ್ಕೆ ಕಳಿಸಿದಳು.

"ಕಾರಣ ಗೊತ್ತಾದ ದಿನ ಬಿಟ್ಟುಹೋಗಿದೆ ಅಕ್ಕಾ. ೧೯ ಅಲ್ವಾ? ಸೇರಿಸಿಬಿಡಿ."

ಸಂಶಯದಿಂದ ಕೇಳಿದ್ದಲ್ಲ. ಬಿಟ್ಟುಹೋದದ್ದನ್ನು ತುಂಬಿಸಿಕೊಳ್ಳುವ ಹುಡುಗಿ ಅವಳು, ಅಷ್ಟೇ. ೧೯ ಎಂದು ಟೈಪ್ ಮಾಡಿದೆ. ಕಳಿಸಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಆಫೀಸಿನ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದೆ.

ಮಾರ್ಚ್ ೨೫, ಮಂಗಳವಾರ

ಯಾರಿಗೂ ತಿಳಿಯುವುದಿಲ್ಲ. ಭಾನುವಾರ ಅಡುಗೆಮನೆಯಲ್ಲಿ ಏನಾಯಿತು ಎಂದು ನೋಡಿದವರು ಯಾರು? ಫ್ರಿಜ್ಜು. ಅದು ಹೇಳುವುದಿಲ್ಲ.

ಸಂಜೆ ಮನೆಗೆ ಹೊರಡುವಾಗ ಅವಳು ನನ್ನನ್ನು ಕರೆದಳು. "ಅಕ್ಕಾ, ಇವತ್ತಿಂದು ಕಳಿಸಿದ್ದೀನಲ್ಲ? ನಿಮ್ಮ ಕಡೆ ಕಾಣ್ತಿದೆಯಾ, ಒಂದು ಸಲ ನೋಡಿ." ಕಾಣುತ್ತಿದೆ ಎಂದೆ. ಜಾಕೆಟ್ ಹಾಕಿಕೊಂಡಳು, ಬಾಗಿಲವರೆಗೆ ಹೋದಳು, ವಾಪಸ್ ಬಂದು ತಾನೇ ಇನ್ನೊಮ್ಮೆ ತೆರೆದು ನೋಡಿದಳು. ತಪ್ಪು ತನ್ನದಲ್ಲ ಎಂದು ತಿಳಿದು ಐದು ದಿನವಾಗಿದೆ. ಇನ್ನೂ ನೋಡುತ್ತಾಳೆ.

ಅವಳು ಹೋದ ಮೇಲೆ ೧೯ ಅಳಿಸಿ ಬರೆದೆ: ಕಾರಣ ನನಗೆ ಗೊತ್ತಾದ ದಿನ ಮಾರ್ಚ್ ೧೬. ಹಳೆಯ ಲ್ಯಾಪ್‌ಟಾಪ್ ಅಳಿಸಿಲ್ಲ ಎಂದು ಗೊತ್ತಾದ ದಿನ ಮಾರ್ಚ್ ೧೮. ಹೇಳಿದ ದಿನ ಮಾರ್ಚ್ ೨೦. ನಿನ್ನೆ ಗೊತ್ತಾಯಿತು ಎಂದು ಹೇಳಿದ್ದು ಸುಳ್ಳು.

ಕಳಿಸಿದೆ. ಸರಿಯಾಗಿ, ಮೊದಲು ಇಳಿಸಿಕೊಂಡು ಆಮೇಲೆ.

ಮಾರ್ಚ್ ೨೬, ಬುಧವಾರ

ಬೆಳಿಗ್ಗೆ ಓದಿದಳು. ಪಕ್ಕದಲ್ಲೇ ಕೂತಿದ್ದೆ, ಅವಳು ಓದುವುದು ನನಗೆ ಕಾಣುತ್ತಿತ್ತು. ಒಪ್ಪಿಗೆಯ ಗುಂಡಿ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೋದ ಬುಧವಾರ ನಾನು ಸರ್ ಹತ್ರ ಹೋಗಿ ಈ ಕೆಲಸ ಆಗಲ್ಲ ಅಂದಾಗ, ನೀವು ಇಲ್ಲೇ ಕೂತಿದ್ರಿ."

"ಹೌದು."

"ಕೇಳಿಸ್ತಿತ್ತು ನಿಮಗೆ."

"ಕೇಳಿಸ್ತಿತ್ತು."

ತನ್ನ ಸ್ಕ್ರೀನಿನ ಕಡೆ ತಿರುಗಿಕೊಂಡಳು. ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಬೇರೆ ಮೇಜಿಗೆ ಹೋದಳು. ಗಡಿಯಾರ ನನ್ನನ್ನು ಕರೆದು, "ಇನ್ನೊಂದು ಸಲ ಹೀಗೆ ಆದ್ರೆ ಮೇಡಂ..." ಎಂದ. ಮುಗಿಸಲಿಲ್ಲ. "ಆಗಲ್ಲ" ಎಂದೆ.

ರಾತ್ರಿ ಇವರಿಗೆ ಎಲ್ಲ ಹೇಳಿದೆ. ರೇಗಿಸುತ್ತಾರೆಂದುಕೊಂಡಿದ್ದೆ, ಇಲ್ಲ. ಪಾತ್ರೆ ತೊಳೆಯುವ ಸರದಿ ನನ್ನದಾಗಿತ್ತು, ಇವರೇ ತೊಳೆದರು.

ಏಪ್ರಿಲ್ ೪, ಶುಕ್ರವಾರ

ಏಳೆಂಟು ದಿನ ಬರೆಯಲು ಬಿಡುವಾಗಲಿಲ್ಲ. ವಿಶೇಷವೂ ಏನಿಲ್ಲ.

ಪಕ್ಕದವಳು ಖಾಯಂ ಆದಳು, ಚಾರ್ಟಿನ ಟೆಸ್ಟ್ ಅವಳ ಕೈಯಲ್ಲೇ ಇದೆ. ಎಲ್ಲರಿಗೂ ಸಿಹಿ ಹಂಚಿದಳು. ನನ್ನ ಮೇಜಿಗೂ ಒಂದು ಇಟ್ಟು ಹೋದಳು. ಈಗ ನಾನು ಅಕ್ಕ ಅಲ್ಲ, ಮೇಡಂ. ಮೊದಲೆರಡು ದಿನ ಆ ಮಾತು ಮುಳ್ಳಿನಂತೆ ಚುಚ್ಚಿತು. ಚುಚ್ಚಬೇಕಾದದ್ದೇ.

ಬೆಳಿಗ್ಗೆಯ ಮೀಟಿಂಗಿನಲ್ಲಿ ಹೊಸ ಸಾಧನವೊಂದರ ಮಾತು ಬಂತು. ಅದೇನದು, ನನಗೆ ಗೊತ್ತಿಲ್ಲ ಎಂದೆ. ಗಡಿಯಾರ ವಿವರಿಸಿದ. ಇನ್ನೂ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ ಎಂದೆ. ಮೂಲೆಯಲ್ಲಿ ಕೂರುವ ದಾಡಿಯವನು, "ನನಗೂ ಗೊತ್ತಿಲ್ಲ, ಆರು ತಿಂಗಳಿಂದ ತಲೆಯಾಡಿಸ್ತಿದ್ದೀನಿ" ಎಂದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮೀಟಿಂಗ್ ಇಪ್ಪತ್ತು ನಿಮಿಷ ಹೆಚ್ಚು ನಡೆದು ಚಹಾ ಆರಿಹೋಯಿತು. ಆಮೇಲೆ ಅದೇ ದಾಡಿಯವನು ಚಾರ್ಟಿನ ನಡುಭಾಗವನ್ನೇ ಬಿಚ್ಚಿ ಬೇರೆ ಥರ ಬರೆದದ್ದನ್ನು ಓದಲು ಕಳಿಸಿದ. ನನ್ನದಕ್ಕಿಂತ ಚಿಕ್ಕದಾಗಿತ್ತು. ಒಪ್ಪಿಗೆ ಒತ್ತಿ ಊಟಕ್ಕೆ ಹೋದೆ.

ಮಧ್ಯಾಹ್ನ ಇಬ್ಬರು ಒಂದೇ ಸಾಲನ್ನು ಬದಲಿಸಿದ ಕಡೆ ಕಪ್ಪು ಕಿಟಕಿ ಮತ್ತೆ ತಕರಾರು ತೆಗೆಯಿತು. ಪಾಠದಲ್ಲಿ ಇದ್ದದ್ದೇ, ಆದರೂ ಒಂದಕ್ಷರವನ್ನೂ ಒತ್ತಲಿಲ್ಲ. ಯಾರನ್ನು ಕೇಳಲಿ ಎಂದು ತಲೆಯೆತ್ತಿದರೆ, ಪಕ್ಕದವಳು ನನ್ನ ಸ್ಕ್ರೀನನ್ನೇ ನೋಡುತ್ತಿದ್ದಳು.

"ನನಗೆ ಇದು ಗೊತ್ತಾಗ್ತಿಲ್ಲ" ಎಂದೆ ಅವಳಿಗೆ. "ಮುಟ್ಟೋಕೆ ಭಯ."

ಅವಳು ತನ್ನ ಕೆಲಸವನ್ನು ಸೇವ್ ಮಾಡಿದಳು.

"ಕೋಪ ಹೋಗಿದೆ ಅಂದ್ಕೋಬೇಡಿ ಮೇಡಂ" ಎಂದು ತನ್ನ ಕುರ್ಚಿ ಎಳೆದುಕೊಂಡು ಬಂದಳು. "ಕೀಬೋರ್ಡ್ ಮೇಲಿಂದ ಕೈ ತೆಗೀರಿ. ಸ್ವಲ್ಪ ಸರೀರಿ."

ಸರಿದು ಜಾಗ ಮಾಡಿದೆ.